ಶಾರದಕ್ಕನ ಗೋಡೆಯ ಚಿತ್ರ ಮತ್ತು ನನ್ನ ಅಣಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸತ್ತುಹೋದ ಒಬ್ಬ ಮುದುಕಿಯನ್ನು, ನಾನು ಕಣ್ಣಾರೆ ಎಂದೂ ನೋಡದವಳನ್ನು, ಇನ್ನೂರು ಜನರ ಎದುರು ವೇದಿಕೆಯ ಮೇಲೆ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಒತ್ತಾಯ ಮಾಡಿದ್ದೂ ಅಲ್ಲ. ಬುದ್ಧಿ ಪೂರ್ತಿ ನನ್ನದೇ. ಆ ದಿನ ಅದು ಎಲ್ಲಿಗೆ ಹೋಗಿತ್ತು ಎಂದು ಮಾತ್ರ ಕೇಳಬೇಡಿ.

ಮೊನ್ನೆ ಚಳಿಗಾಲದ ಜಾಕೆಟ್ಟನ್ನು ಒಗೆಯಲು ಹಾಕುವ ಮುನ್ನ ಜೇಬು ತಡಕಿದೆ. ಒಂದು ಕೈಗವಸು ಸಿಕ್ಕಿತು. ನನ್ನ ಜೇಬಿನಲ್ಲಿ ಯಾವಾಗಲೂ ಒಂದೇ ಇರುತ್ತದೆ. ಅದರ ಜೋಡಿ ಈ ಕೆನಡಾದ ಮಿಸ್ಸಿಸ್ಸಾಗಾದ ಯಾವುದೋ ಬಸ್ಸಿನಲ್ಲಿ ತನ್ನ ಪಾಡಿಗೆ ತಾನು ಸುಖವಾಗಿರುತ್ತದೆ. ಅದರ ಜೊತೆಗೆ ಒಂದು ಬಿದಿರು ಕಡ್ಡಿ. ಕಬಾಬು ಚುಚ್ಚಲೆಂದು ಅಂಗಡಿಯಲ್ಲಿ ನೂರರ ಕಟ್ಟು ಮಾರುತ್ತಾರಲ್ಲ, ಅದೇ. ಮೊಂಡು ತುದಿಯಲ್ಲಿ ಇಟ್ಟಿಗೆ ಬಣ್ಣದ ಪೇಂಟು ಒಣಗಿ ಸಾಸಿವೆ ಕಾಳಿನ ಹಾಗೆ ಕೂತಿತ್ತು. ವಾಷಿಂಗ್ ಮೆಷಿನ್ನಿನ ಮುಂದೆ ಕಡ್ಡಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ.

ನಾನು ಅದೇ ಊರಿನ ಎರಿನ್ ಮಿಲ್ಸ್‌ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟು ಬೆರೆಸುವವನು. ಬಿಳಿಯಲ್ಲಿ ಎಷ್ಟು ಬಗೆ ಇದೆ ಎಂದು ನನ್ನನ್ನು ಕೇಳಿ. ಗಂಡ ಹೆಂಡತಿ ಇಬ್ಬರೂ ಕೌಂಟರಿನ ಮುಂದೆ ಎರಡು ಬಗೆ ಬಿಳಿಯ ಮಾದರಿ ಚೀಟಿ ಹಿಡಿದು ಮದುವೆ ಮುರಿಯುವ ಹಂತಕ್ಕೆ ಹೋಗುತ್ತಾರೆ. ನಾನು ಹಿಂದೆ ತಿರುಗಿ ಅವರಿಬ್ಬರ ದನಿಯನ್ನೂ ಮನಸ್ಸಿನಲ್ಲೇ ಉರುಹೊಡೆಯುತ್ತಿರುತ್ತೇನೆ. ಅಣಕಿಸುವುದು ನನ್ನ ಚಾಳಿ. ನಮ್ಮ ಮ್ಯಾನೇಜರು ಕೆಮ್ಮುವುದು, ಕನ್ನಡ ಸಂಘದ ಅಧ್ಯಕ್ಷರು ಮೈಕನ್ನು ಮೂರು ಸಲ ತಟ್ಟಿ ಮಾತು ಮರೆಯುವುದು, ಇಂಟರ್‌ವ್ಯೂಗೆ ಹೋದಾಗ ನಾನೇ ಪ್ರಶಾಂತ ಹೋಗಿ ‘ಪ್ರೆಶ್’ ಆಗುವುದು, ಯಾವುದನ್ನೂ ಬಿಟ್ಟಿಲ್ಲ. ಉಡುಪಿಯಿಂದ ಅಮ್ಮ ಫೋನು ಮಾಡಿದರೆ ಮೊದಲು ಕೇಳುವುದು, “ಇವತ್ತು ಯಾರು ಮಾತಾಡುವುದು ಮಾರಾಯ?”

ನಾನು ಬಾಡಿಗೆಗಿರುವುದು ಶಾರದಕ್ಕನ ಬೇಸ್‌ಮೆಂಟಿನಲ್ಲಿ. ಶಾರದಕ್ಕ ಮೈಸೂರಿನವರು, ಅರವತ್ತು ದಾಟಿದ್ದಾರೆ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಗೆ ಹೋಗಿ ಹದಿನೆಂಟು ವರ್ಷ ಅಲ್ಲಿದ್ದವರು. ಗಂಡ ಅಲ್ಲಿಯ ಆಸ್ಪತ್ರೆಯ ಜನರೇಟರುಗಳನ್ನು ನೋಡಿಕೊಳ್ಳುವ ಎಂಜಿನಿಯರು. ಇವರು ಹೊತ್ತು ಹೋಗದೆ, ಆ ನೆಲದ ಮೂಲ ನಿವಾಸಿಗಳು ಕೂತು ಚಿತ್ರ ಬರೆಯುವ ಒಂದು ಶೆಡ್ಡಿಗೆ ಕೆಲಸಕ್ಕೆ ಸೇರಿದರು. ಕ್ಯಾನ್ವಾಸು ಬಿಗಿಯುವುದು, ಕುಂಚ ತೊಳೆಯುವುದು, ಪ್ರತಿ ಚಿತ್ರದ ಕತೆಯನ್ನು ಬರೆದವರ ಬಾಯಿಂದ ಕೇಳಿ ರಿಜಿಸ್ಟರಿನಲ್ಲಿ ಗುರುತು ಹಾಕುವುದು. ಗಂಡ ತೀರಿಕೊಂಡ ಮೇಲೆ ಮಗಳಿದ್ದಾಳೆಂದು ಕೆನಡಾಕ್ಕೆ ಬಂದರು. ಮಗಳು ಅರೋರಾದಲ್ಲಿ, ಇವರು ಇಲ್ಲಿ. “ಒಂದೇ ಮನೇಲಿದ್ರೆ ಇಬ್ರೂ ಸೇರಿ ಒಂದೇ ಕುಕ್ಕರ್ ಕೂಗಿಸ್ಬೇಕು ಕಣೋ, ಜಗಳ ಆಗತ್ತೆ” ಅನ್ನುತ್ತಾರೆ.

ಅವರ ಹಾಲಿನ ಗೋಡೆಯ ಮೇಲೆ ಆ ಹದಿನೆಂಟು ವರ್ಷದ್ದು ಅಂತ ಉಳಿದಿದ್ದದ್ದು ಒಂದೇ ಚಿತ್ರ. ಹೆಚ್ಚೆಂದರೆ ಒಂದು ಮಣೆಯಷ್ಟು ಅಗಲ. ಇಟ್ಟಿಗೆ ಕೆಂಪು, ಹಳದಿ, ಸುಣ್ಣದ ಬಿಳಿ, ಸಾವಿರಾರು ಚುಕ್ಕಿಗಳು. ದೂರದಿಂದ ನೋಡಿದರೆ ಬಿಸಿಲಿಗೆ ನೆಲ ನಡುಗುವ ಹಾಗೆ ಕಾಣುತ್ತದೆ. ಬರೆದದ್ದು ಆ ಶೆಡ್ಡಿನ ಒಬ್ಬ ಮುದುಕಿ. ಆಕೆಯ ಹೆಸರೇನೆಂದು ಕೇಳಿದ್ದೆ. “ಹೇಳಲ್ಲ,” ಎಂದರು. “ಹೋದವರ ಹೆಸರು ಹೇಳಬಾರದು ಅಂತ ಅವರಲ್ಲಿ. ಹೋದೋರು ತಿರುಗಿ ನೋಡ್ತಾರಂತೆ.” ಹೀಗಾಗಿ ಆಕೆ ನಮ್ಮ ಮನೆಯಲ್ಲಿ ಬರೀ ‘ಆ ಅಮ್ಮ’.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶಾರದಕ್ಕ ಆಸ್ಟ್ರೇಲಿಯಾದ ಚಿತ್ರಕಾರರ ದಪ್ಪ ದಪ್ಪ ಪುಸ್ತಕ ತೆಗೆದು ನನಗೆ ಪಾಠ ಮಾಡುತ್ತಿದ್ದರು. ಪೇಂಟು ಬೆರೆಸುವವನಿಗೆ ಚಿತ್ರ ಗೊತ್ತಿಲ್ಲದಿರುವುದು ಅಡಿಗೆ ಭಟ್ಟನಿಗೆ ಹಸಿವೇ ಗೊತ್ತಿಲ್ಲದ ಹಾಗೆ ಎಂದು ಅವರ ಅಭಿಪ್ರಾಯ. ಹೆಸರುಗಳು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಚಾಳಿ ನಿಲ್ಲುತ್ತದೆ. ಒಬ್ಬರು ದರೋಡೆಕೋರನ ತಲೆಗೆ ಕಪ್ಪು ಚೌಕ ತಗಡಿನ ಡಬ್ಬಿ ತೊಡಿಸಿ ಕುದುರೆ ಹತ್ತಿಸುತ್ತಾರೆ. ಕಣ್ಣಿರಬೇಕಾದ ಸಂದಿಯಲ್ಲಿ ಕಣ್ಣಿಲ್ಲ, ಹಿಂದಿನ ಆಕಾಶವೇ ಕಾಣುತ್ತದೆ. ಇನ್ನೊಬ್ಬರು ಬರಗಾಲದ ಊರಿನ ಜನರನ್ನು ಎಳೆದು ಎಳೆದು ಕಂಬದ ಹಾಗೆ ಉದ್ದ ಮಾಡುತ್ತಾರೆ, ನೆರಳು ಅವರಿಗಿಂತ ಉದ್ದ. ಮತ್ತೊಬ್ಬರಿಗೆ ಬಂದರಿನ ನೀಲಿ ಸಿಕ್ಕಿಬಿಟ್ಟಿದೆ, ಇಡೀ ಗೋಡೆ ನೀಲಿ ಬಳಿದು ಮೂಲೆಯಲ್ಲಿ ಒಂದು ದೋಣಿ. ಹಳೆಯ ಕಾಲದ ಕೆಲವರು ಡೇರೆ ಹಾಕಿಕೊಂಡು ಬಯಲಲ್ಲೇ ಕೂತು, ಹುಲ್ಲು ಹಸಿರಲ್ಲ ಬಂಗಾರದ ಬಣ್ಣ ಎಂದು ಮೊದಲ ಸಲ ಕಂಡುಕೊಂಡವರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಮರುಭೂಮಿಯ ಮನುಷ್ಯ, ಅಲ್ಲಿಯ ಮೂಲ ನಿವಾಸಿ. ಬಿಳಿಯರ ನೀರು ಬಣ್ಣ, ಬಿಳಿಯರ ಕಾಗದ, ಬಿಳಿಯರ ರೀತಿ; ಬೆಳ್ಳನೆಯ ಕಾಂಡದ ಮರಗಳು, ನೇರಳೆ ಗುಡ್ಡಗಳು. ನಗರದ ದೊಡ್ಡವರು, ಇವನು ಬರೀ ನಮ್ಮನ್ನು ಅನುಕರಣೆ ಮಾಡುತ್ತಾನೆ ಎಂದರಂತೆ. ಬಹಳ ಕಾಲದ ಮೇಲೆ ಯಾರಿಗೋ ಹೊಳೆಯಿತು, ಆ ಒಂದೊಂದು ಮರವೂ ಗುಡ್ಡವೂ ಅವನ ಹಿರಿಯರದ್ದು. ಅವನು ಬರೆದದ್ದು ತನ್ನ ಸ್ವಂತ ನೆಲವನ್ನು. “ನೋಡು, ನಿನ್ನ ಜಾತಿಯೋರು ಇವರು, ಮಿಮಿಕ್ರಿಯೋರು” ಎಂದು ಶಾರದಕ್ಕ ನಕ್ಕಿದ್ದರು. ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು. ಅಲ್ಲಿಂದ ನನ್ನ ತಲೆ ಹೆಗಲ ಮೇಲೆ ನಿಲ್ಲಲಿಲ್ಲ.

ಉಪಾಯ ಹೊಳೆದದ್ದು ಅಂಗಡಿಯಲ್ಲಿ. ಗಿರಾಕಿ ಒಂದು ಬಣ್ಣ ಕೇಳಿ, ಯಂತ್ರ ಇನ್ನೊಂದನ್ನು ಉಗುಳಿ, ಯಾರಿಗೂ ಬೇಡವಾಗಿ ಉಳಿದ ಡಬ್ಬಿಗಳ ಒಂದು ಸಾಲು ನಮ್ಮಲ್ಲಿದೆ. ಮ್ಯಾನೇಜರನ್ನು ಕೇಳಿ ಅವುಗಳನ್ನು ಮನೆಗೆ ತಂದೆ. ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ನನ್ನ ಹೊಸ ಐಟಮ್ಮು: ಚಿತ್ರಕಾರರ ಮಿಮಿಕ್ರಿ. ದನಿಯ ಬದಲು ಕೈಯನ್ನು ಅಣಕಿಸುವುದು. ಮೊದಲೇ ಬರೆದಿಟ್ಟ ಒಂದೊಂದೇ ಕ್ಯಾನ್ವಾಸನ್ನು ಎತ್ತಿ ನಿಲ್ಲಿಸಿ, ಅದನ್ನು ಬರೆದವರು ಹೇಗೆ ನಿಂತಿರಬಹುದು, ಹೇಗೆ ಗೊಣಗಿರಬಹುದು, ತೋರಿಸುವುದು. ಡಬ್ಬಿ ತಲೆಯ ದರೋಡೆಕೋರ, ಕಂಬದ ಜನ, ನೀಲಿ ಬಂದರು, ಮೂರೂ ಒಂದೇ ವಾರದಲ್ಲಿ ಮುಗಿದವು. ಕೊನೆಗೆ ಒಂದು ಭರ್ಜರಿಯದ್ದು ಬೇಕಿತ್ತು. ಶಾರದಕ್ಕ ಒಂದು ವಾರ ಮಗಳ ಮನೆಗೆ ಹೋಗಿದ್ದರು. ನಾನು ಮೇಲೆ ಹೋಗಿ ಗೋಡೆಯ ಚಿತ್ರದ ಫೋಟೋ ತೆಗೆದುಕೊಂಡೆ.

ನಕಲು ಮಾಡಬಾರದೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಮನೆಗೆ ಬಂದ ಹೊಸತರಲ್ಲೇ ಶಾರದಕ್ಕ ಹೇಳಿದ್ದರು. ಮರುಭೂಮಿ ಬಿಟ್ಟು ಹೊರಟ ದಿನ ಆ ಅಮ್ಮ ಚಿತ್ರವನ್ನು ಇವರ ಕೈಗಿಟ್ಟು, “ಎಲ್ಲರೂ ನೋಡಲಿ. ಯಾರೂ ಇದನ್ನು ಮತ್ತೆ ಬರೆಯದ ಹಾಗೆ ನೋಡಿಕೋ. ಇದು ನನ್ನ ಅಮ್ಮನ ಕಡೆಯಿಂದ ಬಂದದ್ದು” ಎಂದು ಭಾಷೆ ತೆಗೆದುಕೊಂಡಿದ್ದಳು. ಇದನ್ನು ಹೇಳುವಾಗ ಶಾರದಕ್ಕ ದನಿ ತಗ್ಗಿಸಿ, ಆ ಅಮ್ಮ ಮಾತಿನ ನಡುವೆ ಹೇಗೆ ಮೂಗಿನಲ್ಲಿ ಗುನುಗುತ್ತಿದ್ದಳೆಂದು ಮಾಡಿ ತೋರಿಸಿದ್ದರು. ನನ್ನ ಕಿವಿ ಪೂರ್ತಿ ಆ ಗುನುಗಿನ ಮೇಲಿತ್ತು. ಮಾತು ಹಾಗೇ ಪಕ್ಕದಲ್ಲಿ ಹಾದುಹೋಯಿತು. ನನ್ನಂಥವರ ರೋಗವೇ ಅದು. ಯಾರು ಏನು ಹೇಳಿದರೆಂದು ಕೇಳಿ, ತಡವರಿಸುತ್ತೇನೆ. ಹೇಗೆ ಹೇಳಿದರೆಂದು ಕೇಳಿ, ಉಸಿರೂ ಬಿಡದೆ ಒಪ್ಪಿಸುತ್ತೇನೆ.

ಥಾರ್ನ್‌ಹಿಲ್‌ನ ಕಮ್ಯುನಿಟಿ ಸೆಂಟರಿನಲ್ಲಿ ಕಾರ್ಯಕ್ರಮ. ಮಧ್ಯಾಹ್ನದ ಊಟದ ಬಿಸಿಬೇಳೆಬಾತು ಎಲ್ಲರ ಕಣ್ಣೆಳೆಯುತ್ತಿದ್ದ ಹೊತ್ತು. ಶಾರದಕ್ಕನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂರಿಸಿದ್ದೆ. ಸರ್‌ಪ್ರೈಸು ಇದೆ ಎಂದಿದ್ದೆ. ಮೊದಲ ಮೂರು ಚಿತ್ರಗಳಿಗೆ ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾಲ್ಕನೆಯದಕ್ಕೆ ನಾನು ವೇದಿಕೆಯ ಮೇಲೆ ನೆಲಕ್ಕೆ ಕೂತೆ. ಒಂದು ಕಾಲು ಮಡಚಿ, ಬೆನ್ನು ಬಾಗಿಸಿ, ಕಡ್ಡಿ ಹಿಡಿದು ಕ್ಯಾನ್ವಾಸಿಗೆ ಟಕ್ ಟಕ್ ಎಂದು ಕುಟ್ಟುತ್ತ, ಮೂಗಿನಲ್ಲಿ ಗುನುಗತೊಡಗಿದೆ. ನಡುವೆ ನೊಣ ಓಡಿಸಿದೆ. ಕಿವುಡಿಯ ಹಾಗೆ “ಆಂ?” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು.

“ಅಯ್ಯೋ, ಇದು ನಮ್ಮ ಚುಕ್ಕಿ ರಂಗೋಲಿನೇ ಅಲ್ವೇನ್ರೀ,” ಎಂದು ಮುಂದಿನ ಸಾಲಿನಿಂದ ಯಾರೋ ಹೇಳಿದರು.

“ನಮ್ಮೋರೇ ಯಾರೋ ಹೋಗಿ ಕಲಿಸಿರ್ಬೇಕು ಬಿಡಿ,” ಎಂದು ಇನ್ನೊಬ್ಬರು.

ಒಂದು ಪುಟ್ಟ ಹುಡುಗಿ ಕುರ್ಚಿಯ ಮೇಲೆ ನಿಂತು, “ಡೂ ದಿ ಓಲ್ಡ್ ಲೇಡಿ ಅಗೇನ್” ಎಂದಿತು. ನಾನು ಮತ್ತೆ ಮಾಡಿದೆ. ಎದ್ದು ಕೈ ಮುಗಿಯುವಾಗ ನೋಡಿದರೆ ಮೂರನೇ ಸಾಲಿನ ಕುರ್ಚಿ ಖಾಲಿ. ನನಗಾಗಿ ಕಾಯದೆ, ಮೂರು ಬಸ್ಸು ಬದಲಿಸಿ, ಶಾರದಕ್ಕ ಎರಿನ್ ಮಿಲ್ಸಿನ ಮನೆಗೆ ಹೋಗಿಬಿಟ್ಟಿದ್ದರು.

ನಾನು ಮನೆ ಮುಟ್ಟಿದಾಗ ಅವರು ಅಡಿಗೆಮನೆಯ ಮೇಜಿನ ಮುಂದೆ ಕೋಟೂ ಬಿಚ್ಚದೆ ಕೂತಿದ್ದರು. ಹಾಲಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಚಿತ್ರ ಮೇಜಿನ ಮೇಲೆ, ಸಾಮಾನು ಕಳಿಸುವಾಗ ಸುತ್ತುವ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಅರ್ಧ ಸುತ್ತಿತ್ತು.

“ಶಾರದಕ್ಕ, ತಮಾಷೆಗೆ ಮಾಡಿದ್ದು…”

“ಬನ್ನಿ ಪ್ರಶಾಂತ್, ಕೂತ್ಕೊಳ್ಳಿ,” ಎಂದರು.

ಮೂರು ವರ್ಷದಿಂದ ನನ್ನನ್ನು ‘ಕಣೋ’, ‘ಲೋ’, ‘ಕೋತಿ’ ಎಂದು ಬಿಟ್ಟರೆ ಬೇರೆ ಕರೆಯದವರು. ಈಗ ‘ಬನ್ನಿ’ ಅನ್ನುತ್ತಿದ್ದರು. ಬೈದಿದ್ದರೆ ಬೈಗುಳವನ್ನಾದರೂ ನೆನಪಿಟ್ಟುಕೊಂಡು ನಾಳೆ ಯಾರಿಗಾದರೂ ಮಾಡಿ ತೋರಿಸುತ್ತಿದ್ದೆ. ಇದನ್ನು ಹಿಡಿದು ಏನು ಮಾಡುವುದು?

“ಆ ಅಮ್ಮನ ಮೊಮ್ಮಗಳು ಇದ್ದಾಳೆ, ಮಾರ್ಲೀನ್ ಅಂತ. ಅವಳು ಚಿಕ್ಕೋಳಿದ್ದಾಗ ನನ್ನ ತೊಡೆ ಮೇಲೇ ಬೆಳೆದವಳು. ಇನ್ನು ಎರಡು ವಾರಕ್ಕೆ ಇಲ್ಲಿಗೆ ಬರ್ತಿದಾಳೆ, ಅವರ ಊರಿನ ಚಿತ್ರಗಳ ಪ್ರದರ್ಶನ ಇದೆ ಟೊರಾಂಟೋಲಿ. ನಮ್ಮನೆಗೆ ಬರ್ತೀನಿ ಅಂದಿದ್ಲು. ಅವಳಿಗೆ ಇದನ್ನ ವಾಪಸ್ ಕೊಟ್ಬಿಡ್ತೀನಿ. ನಾನು ಆಡಿದ ಮಾತು ಉಳಿಸ್ಕೊಳ್ಳಲಿಲ್ಲ. ಇಟ್ಕೊಳ್ಳೋ ಹಕ್ಕಿಲ್ಲ ನನಗೆ.” ಚಿತ್ರಕ್ಕೆ ಉಳಿದರ್ಧ ಪ್ಲಾಸ್ಟಿಕ್ಕನ್ನೂ ಸುತ್ತುತ್ತ, “ಯಾಕೆ ಅಂತ ಅವಳಿಗೆ ನೀವೇ ಹೇಳಿ,” ಎಂದರು.

ಆ ಎರಡು ವಾರ ಮನೆಯಲ್ಲಿ ಕುಕ್ಕರು ಬಿಟ್ಟರೆ ಯಾರ ದನಿಯೂ ಇರಲಿಲ್ಲ. ಮೆಟ್ಟಿಲಿನ ತಲೆಯಲ್ಲಿ ಎಂದಿನ ಹಾಗೆ ಸಾರಿನ ಡಬ್ಬಿ ಬರುತ್ತಿತ್ತು, “ತಗೊಳ್ಳಿ” ಎಂಬ ಮಾತಿನ ಜೊತೆ. ಸಾರು ಮಾತ್ರ ಮೊದಲಿನಷ್ಟೇ ರುಚಿ. ಅದಕ್ಕೇ ಇನ್ನಷ್ಟು ಕಷ್ಟವಾಗುತ್ತಿತ್ತು. ಸಂಘದ ಗುಂಪಿನಲ್ಲಿ ಯಾರೋ ಹಾಕಿದ್ದ ನನ್ನ ಐಟಮ್ಮಿನ ವಿಡಿಯೋ ತೆಗೆಸಲು ಅಧ್ಯಕ್ಷರಿಗೆ ಫೋನು ಮಾಡಿದೆ. “ಯಾಕ್ರೀ, ಚೆನ್ನಾಗೇ ಇತ್ತಲ್ಲ, ನನ್ನ ತಂಗಿ ಡಲ್ಲಾಸಲ್ಲಿ ನೋಡಿ ನಕ್ಕಳಂತೆ” ಎಂದರು. ಅವರು ಹೇಳಿದ ರೀತಿ ಅಣಕಿಸಲು ಬಹಳ ಯೋಗ್ಯವಾಗಿತ್ತು. ನಾನು ಅಣಕಿಸಲಿಲ್ಲ. ಅದೇ ಮೊದಲು.

ಆ ದಿನಗಳಲ್ಲಿ ಒಂದು ಹಳೆಯ ಅಂಗಳ ನೆನಪಾಗುತ್ತಿತ್ತು. ನನಗೆ ಎಂಟು ವರ್ಷ ಇರಬೇಕು. ನಮ್ಮ ಕಡೆ ದೈವದ ಕೋಲ ಮುಗಿದ ಮರುದಿನ, ತೆಂಗಿನ ಎಳೆ ಗರಿ ಸೊಂಟಕ್ಕೆ ಕಟ್ಟಿ, ಮುಖಕ್ಕೆ ಅರಸಿನ ಮೆತ್ತಿ, ಕಾಲ ಗಗ್ಗರದ ಸದ್ದನ್ನು ಬಾಯಲ್ಲೇ ಮಾಡುತ್ತ ದೈವ ಕಟ್ಟುವವರ ಹಾಗೆ ಕುಣಿದೆ. ಪಕ್ಕದ ಮನೆಯ ಮಕ್ಕಳೆಲ್ಲ ಕೈ ಮುಗಿದು ನಗುತ್ತಿದ್ದರು. ಅಜ್ಜಿ ಬಾವಿಕಟ್ಟೆಯಿಂದ ಕೊಡಪಾನ ಹಿಡಿದು ಬಂದವರು ಅಲ್ಲೇ ನಿಂತರು. ಹೊಡೆಯುತ್ತಾರೆಂದುಕೊಂಡೆ. ಹತ್ತಿರ ಬಂದು ಕೂತು, ಸೊಂಟದ ಗರಿಯ ಗಂಟನ್ನು ಒಂದೊಂದೇ ಬಿಚ್ಚಿದರು. “ಅವರು ದೈವದ ಹೆಸರಲ್ಲಿ ಎಣ್ಣೆ ತಗೊಂಡು ಮಿಂದು, ಉಪವಾಸ ಇದ್ದು, ಅಪ್ಪ ಮಾಡಿದ್ದು ಅಜ್ಜ ಮಾಡಿದ್ದು ಅಂತ ಹೆದರಿ ಹೆದರಿ ಕಟ್ಟುವುದು ಮಗ. ನೀನು ಎಂತ ತಗೊಂಡಿದ್ದಿ?” ಎಂದು ಕೇಳಿದರು. ಮುಖ ತೊಳೆಸಿ, ಕೈ ಹಿಡಿದು ದೈವದ ಗುಡಿಯ ಮುಂದೆ ನಿಲ್ಲಿಸಿದರು. ಇಂಥ ಅಜ್ಜಿಯ ಕೈಯಲ್ಲಿ ಬೆಳೆದವನು ನಾನು. ಪರದೇಶದ ವಿಷಯ, ನನಗೇನು ಗೊತ್ತು ಎಂದು ಹೇಳುವ ಹಾಗೆಯೇ ಇಲ್ಲ.

ಮಾರ್ಲೀನ್ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಮೂವತ್ತೈದರ ಆಸುಪಾಸಿನ ದೊಡ್ಡ ಹೆಂಗಸು, ನಿಧಾನದ ಮಾತು. ನವೆಂಬರಿನ ಚಳಿಗೇ ನಡುಗಿ, ಎರವಲು ಜಾಕೆಟ್ಟಿನ ಮೇಲೆ ಶಾರದಕ್ಕನ ಕಾಶ್ಮೀರಿ ಶಾಲನ್ನೂ ಹೊದ್ದುಕೊಂಡಳು. ಇಬ್ಬರೂ ತಬ್ಬಿಕೊಂಡು ಬಹಳ ಹೊತ್ತು ಬಾಗಿಲಲ್ಲೇ ನಿಂತರು. ಬಾಗಿಲು ತೆರೆದೇ ಇತ್ತು, ಹೀಟರಿನ ಬಿಸಿಯೆಲ್ಲ ಬೀದಿಗೆ ಹೋಯಿತು, ಮುಚ್ಚಿ ಎನ್ನಲು ನನಗೆ ಧೈರ್ಯವಿರಲಿಲ್ಲ. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಆಮೇಲೆ ಶಾರದಕ್ಕ ನನ್ನ ಕಡೆ ನೋಡಿದರು.

ಹೇಳಬೇಕಾದ್ದನ್ನು ನಾನು ಎರಡು ವಾರ ಅಭ್ಯಾಸ ಮಾಡಿದ್ದೆ. ಗಂಭೀರದ ದನಿ, ಪಶ್ಚಾತ್ತಾಪದ ದನಿ, ಇಂಗ್ಲಿಷ್ ನ್ಯೂಸು ಓದುವವರ ದನಿ. ಬಾಯಿ ತೆರೆದಾಗ ಯಾವುದೂ ಬರಲಿಲ್ಲ. ಬಂದದ್ದು ಒಂದು ತೆಳ್ಳನೆಯ, ಉಡುಪಿಯ ಎಳೆತವಿರುವ, ಬಹಳ ದಿನದಿಂದ ಬಳಸದೆ ಬಿಟ್ಟಿದ್ದ ದನಿ. ಎಲ್ಲವನ್ನೂ ಹೇಳಿದೆ. ಫೋಟೋ ತೆಗೆದದ್ದು, ಬರೆದದ್ದು, ಕೂತದ್ದು, ಗುನುಗಿದ್ದು, ಜನ ನಕ್ಕದ್ದು.

“ಗುನುಗಿದೆಯಾ? ಈಗ ಗುನುಗು,” ಎಂದಳು ಮಾರ್ಲೀನ್.

“ಬೇಡ,” ಎಂದೆ.

“ಕೇಳಬೇಕು ನನಗೆ.”

ನೆಲ ನೋಡುತ್ತ ಗುನುಗಿದೆ. ಮಾರ್ಲೀನ್ ತಲೆ ಓರೆ ಮಾಡಿ ಕೇಳಿದಳು. ನಂತರ ಮೆಲ್ಲಗೆ ನಕ್ಕಳು. “ಇದು ನನ್ನ ಅಜ್ಜಿ ಅಲ್ಲ. ಇದು ಶಾರದಾ. ಕುಂಚ ತೊಳೆಯುವಾಗ ಹೀಗೇ ಮಾಡುತ್ತಿದ್ದಳು.” ಶಾರದಕ್ಕನ ಕಿವಿ ಕೆಂಪಾಯಿತು. ಹದಿನೆಂಟು ವರ್ಷ ತಾವೇ ಏನು ಗುನುಗುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಆದರೆ ಅವರು ನಗಲಿಲ್ಲ. ಎದ್ದು ಒಳಗಿನಿಂದ ಪ್ಲಾಸ್ಟಿಕ್ ಸುತ್ತಿದ ಚಿತ್ರವನ್ನು ತಂದು ಮಾರ್ಲೀನಳ ಮುಂದಿಟ್ಟರು. “ನಿಮ್ಮ ಅಜ್ಜಿಗೆ ಮಾತು ಕೊಟ್ಟಿದ್ದೆ, ನಡೆಸೋಕಾಗಲಿಲ್ಲ. ತಗೊಂಡು ಹೋಗು ಮಗಳೇ,” ಎಂದರು. ಇಂಗ್ಲಿಷಿನಲ್ಲೇ ಶುರು ಮಾಡಿದ್ದರೂ ಕೊನೆಯ ಮಾತು ಅವರಿಗೆ ತಿಳಿಯದೆಯೇ ಕನ್ನಡದಲ್ಲಿ ಬಂತು. ಮಾರ್ಲೀನಳಿಗೆ ಅರ್ಥವಾಯಿತೆಂದು ತೋರುತ್ತದೆ. ಅವಳು ಪ್ಲಾಸ್ಟಿಕ್ಕು ಬಿಚ್ಚಿದಳು. ನನ್ನದನ್ನೂ ತರಲು ಹೇಳಿದಳು. ಬೇಸ್‌ಮೆಂಟಿನಿಂದ ತಂದು ಪಕ್ಕದಲ್ಲಿಟ್ಟೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಕಲು ಚೆನ್ನಾಗಿತ್ತು. ಒಂದು ಚುಕ್ಕಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾರ್ಲೀನಳ ಒಂದು ಬೆರಳು ಅಜ್ಜಿಯ ಚಿತ್ರದ ಮೇಲೆ, ತಾಗಿಯೂ ತಾಗದ ಹಾಗೆ, ಮೆಲ್ಲಗೆ ಎಲ್ಲೋ ಹೋಗಿ ಎಲ್ಲೋ ನಿಂತು ಮತ್ತೆ ಹೊರಟಿತು, ಗುರುತಿನ ದಾರಿಯಲ್ಲಿ ನಡೆಯುವವರ ಹಾಗೆ. ಆಮೇಲೆ ನನ್ನದರ ಮೇಲೆ ಬೆರಳಿಟ್ಟಳು. ಅದು ಅಲ್ಲೇ ನಿಂತಿತು.

“ಮೊದಲು ಏನು ಹಾಕಿದೆ?”

“ಚುಕ್ಕಿ,” ಎಂದೆ. “ನಮ್ಮಲ್ಲಿ ಅಂಗಳಕ್ಕೆ ರಂಗೋಲಿ ಹಾಕುವುದು ಹಾಗೇ. ಮೊದಲು ಚುಕ್ಕಿ ಲೆಕ್ಕ ಹಾಕಿ ಇಡುವುದು. ಅಮ್ಮ ಕಲಿಸಿದ್ದು.”

“ಚುಕ್ಕಿಗೂ ಮೊದಲು?”

“ಕಂದು ಬಣ್ಣ. ಎರಡು ಕೋಟು.”

ಅವಳು ಕುರ್ಚಿಗೆ ಒರಗಿದಳು. “ಅಜ್ಜಿ ಚುಕ್ಕಿ ಹಾಕುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ,” ಎಂದಳು. ಮೊದಲ ದಿನ ಬಾಗಿಲು ಹಾಕಿಕೊಂಡು ಗೆರೆಗಳಲ್ಲಿ ಜಾಗವನ್ನು ಬರೆಯುತ್ತಿದ್ದಳಂತೆ. ನೀರಿರುವ ಕಡೆ, ಹೆಂಗಸರು ಕೂತು ಹಾಡಿದ ಕಡೆ, ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟು ಬೇರೆಯವರಿಗೆ ಹೇಳಬಾರದ ಕಡೆ. ಅದು ಮುಗಿದ ಮೇಲೆ, ನೋಡಬಾರದವರಿಗೆ ಕಾಣದಿರಲೆಂದು, ವಾರಗಟ್ಟಲೆ ಅದರ ಮೇಲೆ ಚುಕ್ಕಿ. ಶಾರದಕ್ಕ ಹೌದೆಂದು ತಲೆಯಾಡಿಸಿದರು. ಮೊದಲ ದಿನ ತನ್ನನ್ನೂ ಒಳಗೆ ಬಿಡುತ್ತಿರಲಿಲ್ಲ ಎಂದರು.

ಮಾರ್ಲೀನ್ ಅಜ್ಜಿಯ ಚಿತ್ರವನ್ನು ಎತ್ತಿ ಶಾರದಕ್ಕನ ಮಡಿಲಲ್ಲಿಟ್ಟಳು. “ಗೋಡೆಗೆ ಹಾಕು,” ಎಂದಳು. ಶಾರದಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು, ಏಳಲಿಲ್ಲ.

ನನಗೆ ಆಗಲಾದರೂ ಸುಮ್ಮನಿರಲು ಬರಬೇಕಿತ್ತು. “ಹಾಗಾದರೆ ನಾನು ಕದ್ದದ್ದಕ್ಕೆ ಏನು ಮಾಡಲಿ? ಇದನ್ನು ಈಗಲೇ ಹಿತ್ತಿಲಲ್ಲಿ ಸುಟ್ಟುಬಿಡುತ್ತೇನೆ,” ಎಂದೆ.

ಮಾರ್ಲೀನ್ ನನ್ನ ಕ್ಯಾನ್ವಾಸನ್ನು ಮೇಜಿನ ಮೇಲೆ ಜಾರಿಸಿ ನನ್ನ ಕಡೆಗೆ ತಳ್ಳಿದಳು.

“ಸುಡುವುದೇನೂ ಬೇಡ, ಇಟ್ಟುಕೋ. ಅಜ್ಜಿ ಇಟ್ಟದ್ದು ಇಟ್ಟ ಕಡೆಯೇ ಇದೆ. ನೀನು ಹೊತ್ತುಕೊಂಡು ಹೋದದ್ದು ಬರೀ ಮುಚ್ಚಳ.”